ಬೀಗರೂಟದ ಉದ್ದ ಫೋಟೋ

ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ತಟ್ಟೆ ಇಡ್ಲಿಯ ಮೊದಲ ತುತ್ತು ಬಾಯಿಗಿಡುವ ಹೊತ್ತಿಗೆ ತಿಮ್ಮೇಶನ ಕಣ್ಣು ಎದುರು ಗೋಡೆಗೆ ಬಿತ್ತು. ಇಡ್ಲಿಯ ರುಚಿ ಅಲ್ಲಿಗೇ ಕೆಟ್ಟಿತು. ಗೋಡೆಯ ಈ ಮೂಲೆಯಿಂದ ಆ ಮೂಲೆಗೆ ಒಂದೇ ಫೋಟೋ. ಕುಂತಿಬೆಟ್ಟ, ಅದರ ಬುಡದ ಕೊಳ, ಆಚೆಗೆ ಕಬ್ಬಿನ ಗದ್ದೆ, ಇನ್ನೂ ಆಚೆಗೆ ಕಾರ್ಖಾನೆಯ ಚಿಮಣಿ. ಎಲ್ಲೂ ಒಂದು ಜೋಡಣೆಯ ಗೆರೆ ಕಾಣದು. ಕೆಳಗೆ ಸಣ್ಣಗೆ ಬರೆದಿತ್ತು: ಕಿಟ್ಟಿ, ಶ್ರೀರಂಗಪಟ್ಟಣ.

ಈ ಕಿಟ್ಟಿ ಯಾರು? ಪಾಲಹಳ್ಳಿಯಿಂದ ಬಂದು, ಪಾಂಡವಪುರದ ತಿಮ್ಮೇಶನ ಸ್ಟುಡಿಯೋದಲ್ಲಿ ಲೈಟು ಹಿಡಿದು ಕೆಲಸ ಕಲಿತವನು. ಲೆನ್ಸು ಒರೆಸುವುದನ್ನು ಹೇಳಿಕೊಟ್ಟವನೇ ತಿಮ್ಮೇಶ. ಆ ಬೆಟ್ಟದ ಕೆಳಗೆ ಹುಟ್ಟಿ ಬೆಳೆದವನೂ ತಿಮ್ಮೇಶನೇ. ಹೆಸರು ಮಾತ್ರ ಕಿಟ್ಟಿಯದು. ತಿಮ್ಮೇಶ ಕಾಫಿಯನ್ನೂ ಕುಡಿಯದೆ ಎದ್ದು ಬಂದ.

ಅಂದಿನಿಂದ ಶುರುವಾಯಿತು ನೋಡಿ. ಮದುವೆ, ನಾಮಕರಣಗಳಲ್ಲಿ ಸವೆದಿದ್ದ ಹಳೇ ಕ್ಯಾಮೆರಾ ಹೋಯಿತು, ದೊಡ್ಡ ಸೆನ್ಸರಿನ ಹೊಸದು ಬಂತು. ಅಗಲದ ಲೆನ್ಸು ಬಂತು. ಟ್ರೈಪಾಡಿನ ಮೇಲೆ ಕೂರಿಸುವ ಪ್ಯಾನೊ ಹೆಡ್ ಬಂತು. ಲೆನ್ಸು ಇದ್ದ ಜಾಗದಲ್ಲೇ ಇದ್ದು ಕ್ಯಾಮೆರಾ ಅದರ ಸುತ್ತ ತಿರುಗುವಂತೆ ಹಿಡಿದುಕೊಳ್ಳುವ ಲೋಹದ ತೋಳು ಅದು. ತಾರಸಿಯ ಮೇಲೆ ನಿಂತು ಪಕ್ಕಪಕ್ಕದ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಒಂದೇ ಫೋಟೋವಾಗಿ ಹೊಲಿದರೆ, ಮೊದಮೊದಲು ಎದುರಿನ ಲೈಟುಕಂಬ ಎರಡು ತುಂಡಾಗಿ ಬರುತ್ತಿತ್ತು. ಕಿಟ್ಟಿಗೆ ಒಂದು ಫೋನು ಮಾಡಿ ಕೇಳಿದ್ದರೆ ಮುಗಿಯುತ್ತಿತ್ತು. ಕೇಳುವುದುಂಟೇ? ಹತ್ತಿರದ ತಾರಸಿ ಕಂಬಿಗೂ ದೂರದ ಲೈಟುಕಂಬಕ್ಕೂ ಕ್ಯಾಮೆರಾ ಹೊಂದಿಸಿ ಹೊಂದಿಸಿ, ಕೊನೆಗೆ ಕಂಬ ನೆಟ್ಟಗಾಗುವ ಜಾಗವನ್ನು ತಾನೇ ಕಂಡುಕೊಂಡ.

"ಕಂಬ ನೆಟ್ಟಗಾಯ್ತು, ನೀವ್ಯಾವಾಗ ನೆಟ್ಟಗಾಗೋದು?" ಎಂದಳು ಹೆಂಡತಿ ಉಮ. "ಮೂರೊತ್ತೂ ಕಿಟ್ಟಿ ಕಿಟ್ಟಿ ಅಂತೀರ. ಅವ್ನು ನಿಮ್ಮನ್ನ ಇಷ್ಟು ನೆನೀತಾನಾ?"

ತಿಮ್ಮೇಶ ಟ್ರೈಪಾಡು ಹೊತ್ತು ಮತ್ತೆ ತಾರಸಿ ಹತ್ತಿದ.

ಆ ಹೊತ್ತಿಗೆ ಸರಿಯಾಗಿ ಸಿಂಧಘಟ್ಟದಿಂದ ಅವನ ಸೋದರತ್ತೆ ಪ್ರೇಮಮ್ಮನ ಫೋನು ಬಂತು. ಮಗನಿಗೆ ನಾಗಮಂಗಲದ ಕಡೆಯ ಹೆಣ್ಣು ತಂದಿದ್ದಳು. ಭಾನುವಾರ ಬೀಗರೂಟ.

"ಬೀಗ್ರೂ ನಾವೂ ಒಂದೇ ಸಾಲಲ್ಲಿ ಕುಂತು ಉಣ್ಣೋದು ಒಂದೇ ಉದ್ದ ಫೋಟೋದಲ್ಲಿ ಬರ್ಬೇಕು ಕಣ್ಲಾ. ನಡುಮನೆ ಗೋಡೆಗೆ ಆಕ್ತೀನಿ. ಕಿಟ್ಟಿ ಅಂಥದ್ದು ತೆಗೀತಾನಂತಲ್ಲ, ಅವ್ನಿಗೇ ಯೋಳ್ಲಾ?"

ಸ್ವಂತ ಅತ್ತೆಯ ಬಾಯಲ್ಲೂ ಅವನೇ.

"ಅವ್ನ್ಯಾಕತ್ತೆ? ನಾನಿಲ್ವಾ? ಅವ್ನಿಗಿಂತ ಒಳ್ಳೇ ಸಾಮಾನು ತಂದಿವ್ನಿ. ನಾನ್ ತೆಗೀತೀನಿ ಬುಡು."

ಇನ್ನು ಅವನಿಗೆ ಬೇಕಾಗಿದ್ದದ್ದು ಒಂದೇ. ಕೆ.ಆರ್. ಪೇಟೆಯಿಂದ ನಾಗಮಂಗಲದವರೆಗಿನ ನೆಂಟರೆಲ್ಲ ಬಂದು ಕೂರುವ ಆ ನಡುಮನೆಯಲ್ಲಿ, ಗೋಡೆ ನೋಡಿದವರು "ಇದ್ಯಾರು ತೆಗ್ದಿದ್ದು?" ಎಂದು ಕೇಳಬೇಕು, ಅತ್ತೆ "ನಮ್ ತಿಮ್ಮೇಶ" ಅನ್ನಬೇಕು, ಕಿಟ್ಟಿಯ ಹೆಸರು ಯಾರ ಬಾಯಿಗೂ ಬರಬಾರದು.

ಭಾನುವಾರ ಶಾಮಿಯಾನದ ಕೆಳಗೆ ಉದ್ದಕ್ಕೆ ಟೇಬಲು ಹಾಕಿದ್ದರು. ತಿಮ್ಮೇಶ ಟ್ರೈಪಾಡಿನ ಮಟ್ಟ ನೋಡುತ್ತಿದ್ದಾಗ ಹಿಂದಿನಿಂದ ಪರಿಚಯದ ದನಿ ಬಂತು.

"ಚೆಂದಾಗೈತೆ ಕಣಣ್ಣ ಸೆಟ್ಟು. ಯಾವಾಗ್ ತಗಂಡೆ?"

ಕಿಟ್ಟಿ. ಮದುಮಗನ ಸ್ನೇಹಿತನಾದ್ದರಿಂದ ಊಟಕ್ಕೆ ಬಂದಿದ್ದ. ಕೈಯಲ್ಲಿ ಕ್ಯಾಮೆರಾ ಇಲ್ಲ, ಪಂಚೆ ಮೇಲಕ್ಕೆ ಕಟ್ಟಿ ಹೆಗಲಿಗೆ ಟವೆಲು ಹಾಕಿಕೊಂಡು ಬಡಿಸಲು ನಿಂತಿದ್ದ. ಬಂದ ಅರ್ಧ ಗಂಟೆಗೇ ಮನೆಯ ಮುದುಕಿಯರೆಲ್ಲ ಅವನ ಗಲ್ಲ ಹಿಡಿದು ಮಾತಾಡಿಸಿಯಾಗಿತ್ತು. ಅದನ್ನು ಕಂಡು ತಿಮ್ಮೇಶನಿಗೆ ಇನ್ನಷ್ಟು ಉರಿಯಿತು. ಬರಿಗೈಲಿ ಬಂದರೂ ಮೆರೆಯುತ್ತಾನಲ್ಲ ಬಡ್ಡೀಮಗ.

"ಅಣ್ಣ, ಒಂದ್ ಮಾತು. ನಾನು ಬಲತುದಿಯಿಂದ ಬಡಿಸ್ಕಂಡು ಬತ್ತೀನಿ, ಬೀಗ್ರು ಆ ಕಡೆ ಕುಂತವ್ರೆ. ನೀನು ಎಡದಿಂದ ತಿರುಗ್ಸು. ಇಲ್ಲಾಂದ್ರೆ ನಾನು ನಿನ್ ಕ್ಯಾಮೆರಾ ಜೊತೇಲೇ ನಡ್ಕಂಡು ಬಂದಂಗಾಯ್ತದೆ."

ನಿಜ ಹೇಳಬೇಕೆಂದರೆ ತಿಮ್ಮೇಶ ಎಡದಿಂದಲೇ ತಿರುಗಿಸಬೇಕೆಂದಿದ್ದ. ಈಗ ಹಾಗೆ ಮಾಡಿದರೆ ಕಿಟ್ಟಿ ಹೇಳಿಕೊಟ್ಟಂತಾಗುತ್ತದೆ.

"ಮುದ್ದೆ ಬಡ್ಸಕ್ ಬಂದಿದ್ದೀಯ, ಮುದ್ದೆ ಬಡ್ಸು. ನಂಗೆ ನೀನು ಯೋಳ್ಕೊಡ್ಬೇಡ," ಎಂದ.

ಕಿಟ್ಟಿ ನಕ್ಕು ಮುದ್ದೆಯ ಬುಟ್ಟಿ ಎತ್ತಿಕೊಂಡ.

ಬಡಿಸುವುದನ್ನು ಒಂದು ಗಳಿಗೆ ನಿಲ್ಲಿಸಿ ಎಂದು ಕೇಳಿದ್ದಕ್ಕೆ ಪ್ರೇಮಮ್ಮ ಅವನನ್ನೇ ಗದರಿದಳು. "ಎಲೆ ಮುಂದೆ ಬೀಗ್ರನ್ನ ಕಾಯ್ಸಕ್ಕಾಯ್ತದೇನ್ಲಾ? ಅವ್ರು ಉಣ್ಣೋವಾಗ್ಲೇ ತೆಗಿ." ಸರಿ, ಮುದ್ದೆ ಹೊರಟಿತು. ತಿಮ್ಮೇಶನೂ ಬಲತುದಿಯಿಂದ ಕ್ಯಾಮೆರಾ ತಿರುಗಿಸಿದ. ಕ್ಲಿಕ್ಕಿಸಿದ, ತಿರುಗಿಸಿದ, ಕ್ಲಿಕ್ಕಿಸಿದ. ಎದುರು ಯಾರು ನಡೆಯುತ್ತಿದ್ದಾರೆಂದು ನೋಡಲೂ ಇಲ್ಲ, ಹಟ ಅಷ್ಟಿತ್ತು.

ಮಾರನೇ ದಿನ ಸ್ಟುಡಿಯೋದಲ್ಲಿ ಎಲ್ಲವನ್ನೂ ಹೊಲಿದು ನೋಡಿದರೆ, ಸಾಲು ಹಗ್ಗ ಎಳೆದಂತೆ ನೆಟ್ಟಗಿದೆ, ಎಲೆಯ ಮೇಲಿನ ಉಪ್ಪೂ ಕಾಣುತ್ತದೆ. ಆದರೆ ಟೇಬಲಿನ ಮುಂದೆ ಬಲತುದಿಯಲ್ಲಿ ಬುಟ್ಟಿ ಹಿಡಿದ ಕಿಟ್ಟಿ. ಸ್ವಲ್ಪ ಈಚೆಗೆ ಕಿಟ್ಟಿ. ನಡುವೆ ಮದುಮಗಳ ಎಲೆಯ ಮೇಲೆ ಬಗ್ಗಿದ ಕಿಟ್ಟಿ. ಎಡತುದಿಯಲ್ಲೂ ಕಿಟ್ಟಿ. ತನ್ನ ಹೊಸ ಕ್ಯಾಮೆರಾ ತೆಗೆದ ಮೊದಲ ದೊಡ್ಡ ಫೋಟೋದಲ್ಲಿ ಬೀಗರಿಗಿಂತ ಕಿಟ್ಟಿಯೇ ಹೆಚ್ಚಾಗಿ ಇದ್ದ.

ಉಮ ಇಣುಕಿ ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಪಾಪ, ಒಬ್ನನ್ನ ಉಳಿಸ್ಕಂಡು ಮಿಕ್ಕೋರನ್ನ ಅಳಿಸ್ಬುಡಿ."

"ಒಬ್ನೂ ಬ್ಯಾಡ," ಎಂದ ತಿಮ್ಮೇಶ.

ಅಳಿಸಲು ಕಷ್ಟವೂ ಇರಲಿಲ್ಲ. ಒಂದು ಫೋಟೋದಲ್ಲಿ ಕಿಟ್ಟಿಯ ಬೆನ್ನಿಗೆ ಮರೆಯಾದವರು ಪಕ್ಕದ ಫೋಟೋದಲ್ಲಿ ಪೂರಾ ಸಿಗುತ್ತಿದ್ದರು. ಅಲ್ಲಿಂದ ತಂದು ಇಲ್ಲಿ ಮುಚ್ಚಿದ. ಅಂಗಡಿಗೆ ಬಂದ ಪಾಸ್‌ಪೋರ್ಟ್ ಫೋಟೋದವರನ್ನು ನಾಳೆ ಬನ್ನಿ ಎಂದು ಕಳಿಸಿ, ಬಾಗಿಲು ಅರ್ಧ ಎಳೆದುಕೊಂಡು ಅಳಿಸಿದ. ಬುಟ್ಟಿ ಹೋಯಿತು, ಟವೆಲು ಹೋಯಿತು, ನೆಲದ ಮೇಲಿನ ನೆರಳೂ ಹೋಯಿತು. ಒಬ್ಬೊಬ್ಬ ಕಿಟ್ಟಿ ಮಾಯವಾದಾಗಲೂ ಅವನಿಗೆ ಹಾಯೆನಿಸಿತು, ಸುಳ್ಳೇಕೆ ಹೇಳಬೇಕು.

ಕಟ್ಟು ಹಾಕಿಸಿದ ಫೋಟೋವನ್ನು ಸಿಂಧಘಟ್ಟಕ್ಕೆ ತಾನೇ ಹೊತ್ತು ತಂದ. ನಡುಮನೆಯಲ್ಲಿ ಮಾವ ಚಿಕ್ಕಬೀರಯ್ಯ ಮೊಳೆ ಹೊಡೆದು ತೂಗುಹಾಕಿದ. ನಾಗಮಂಗಲದಿಂದ ಬಂದಿದ್ದ ಬೀಗರು, ಸೊಸೆ, ಪ್ರೇಮಮ್ಮ ಎಲ್ಲ ಎದುರು ನಿಂತರು.

"ಎಷ್ಟು ಸ್ಪಷ್ಟ ಐತಪ್ಪ," ಎಂದರು ಬೀಗರು. ತಿಮ್ಮೇಶನ ಎದೆ ಉಬ್ಬಿತು.

ಪ್ರೇಮಮ್ಮ ಮಾತ್ರ ಕಣ್ಣು ಕಿರಿದು ಮಾಡಿ ಹತ್ತಿರ ಹೋದಳು. "ಅಲ್ಲ ಕಣ್ಲಾ, ಇವ್ರೆಲ್ಲ ಯಾರಿಗೆ ಸಾಕು ಸಾಕು ಅಂತಾವ್ರೆ?"

ತಿಮ್ಮೇಶ ನೋಡಿದ. ಇಷ್ಟು ದಿನ ಅವನು ಕಿಟ್ಟಿಯನ್ನು ನೋಡಿದ್ದನೇ ಹೊರತು ಕೂತವರ ಮುಖ ನೋಡಿರಲಿಲ್ಲ. ಬಲತುದಿಯಲ್ಲಿ ಬೀಗರು ಎಲೆಗೆ ಎರಡೂ ಕೈ ಅಡ್ಡ ಹಿಡಿದು ಖಾಲಿ ಗಾಳಿಯತ್ತ ನಗುತ್ತಿದ್ದರು. ಪಕ್ಕದ ಅಜ್ಜಿ ಬೇಡ ಎಂದು ಬೆರಳು ಆಡಿಸುತ್ತಿದ್ದಳು, ಅವಳೆದುರೂ ಯಾರಿಲ್ಲ. ಮದುಮಗಳು ನಾಚಿಕೊಂಡು ಏನೂ ಇಲ್ಲದ ಕಡೆ ಮೇಲಕ್ಕೆ ನೋಡುತ್ತಿದ್ದಳು. ಕ್ಯಾಮೆರಾ ಹೋದಲ್ಲೆಲ್ಲ ಕಿಟ್ಟಿ ಹೋಗಿದ್ದ, ಆದ್ದರಿಂದ ಸಾಲಿನ ಉದ್ದಕ್ಕೂ ಹಾಗೇ.

"ಕಿಟ್ಟಿಗೆ ಕಣಮ್ಮಿ," ಎಂದ ಚಿಕ್ಕಬೀರಯ್ಯ. "ಮುದ್ದೆ ಬಡ್ಸಿದ್ದು ಅವ್ನೇ ಅಲ್ವಾ. ನಂಗೂ ಇನ್ನೊಂದು ಆಕ್ತೀನಿ ಅಂತ ಗೋಳುಯ್ಕಂಡ."

"ಊ ಕಣತ್ತೆ, ಕಿಟ್ಟಿಯಣ್ಣ," ಎಂದು ಸೊಸೆ ನಕ್ಕಳು.

"ಕಿಟ್ಟಿ, ಕಿಟ್ಟಿ," ಎಂದರು ಬೀಗರು ನೆನಪು ಮಾಡಿಕೊಂಡು. "ಬಾಳ ಒಳ್ಳೇ ಹುಡ್ಗ."

"ಮತ್ತೆ ಅವ್ನೆಲ್ಲಿ? ಕಾಣ್ತಾನೇ ಇಲ್ವಲ್ಲ ತಿಮ್ಮೇಶ?" ಎಂದಳು ಪ್ರೇಮಮ್ಮ.

ತಿಮ್ಮೇಶ ಆ ಉದ್ದ ಸಾಲಿನಲ್ಲಿ ಒಬ್ಬರಾದರೂ ಕ್ಯಾಮೆರಾದ ಕಡೆ, ತನ್ನ ಕಡೆ ನೋಡಿದ್ದಾರೆಯೇ ಎಂದು ಬಲತುದಿಯಿಂದ ಎಡತುದಿಯವರೆಗೆ ಹುಡುಕಿದ. ಯಾರೂ ನೋಡಿರಲಿಲ್ಲ.