ಏಳು ಅಪ್ಪಂದಿರು

ಹುಡುಗಿಯಲ್ಲಿ ಕುಂದು ಹುಡುಕೋಣವೆಂದರೆ ರಿಸ್ಟಿಗೆ ಒಂದೂ ಸಿಗಲಿಲ್ಲ. ಕುಲ್ಪಾಶ್ ಸರ್ಕಾರಿ ಫಾರಂನಲ್ಲಿ ಹಾಲು ಕರೆಯುವವಳು. ಮೈಮುರಿದು ದುಡಿಯುತ್ತಾಳೆ, ನಗುನಗುತ್ತ ಮಾತಾಡುತ್ತಾಳೆ. ಮಗ ಬೇಕೆನ್ ಅಂತೂ ಅವಳ ಹೆಸರೆತ್ತಿದರೆ ಬಟ್ಟಲಲ್ಲಿ ಚಹಾ ಇದೆ ಎನ್ನುವುದನ್ನೇ ಮರೆಯುತ್ತಾನೆ. ತೊಡಕು ಒಂದೇ. ಅನಾಥಾಲಯದಲ್ಲಿ ಬೆಳೆದ ಹುಡುಗಿಗೆ ತನ್ನ ಏಳು ಅಪ್ಪಂದಿರ ಹೆಸರು ಗೊತ್ತಿರಲಿಲ್ಲ.

ಕಜಾಕರಲ್ಲಿ ಮಗು ತೊದಲುವಾಗಲೇ ಅಪ್ಪ, ಅಜ್ಜ, ಮುತ್ತಜ್ಜ ಎಂದು ಏಳು ತಲೆಮಾರು ಬಾಯಿಪಾಠ ಮಾಡಿಸುತ್ತಾರೆ. ಎರಡು ಮನೆಯ ಆ ಏಳರಲ್ಲಿ ಒಂದು ಹೆಸರು ಎರಡೂ ಕಡೆ ಬಂದರೂ ಮದುವೆಯ ಮಾತಿಲ್ಲ.

"ನಾಳೆ ಹಿರಿಯರು ಕೇಳಿದ್ರೆ ಏನಂತ ಹೇಳ್ಲಿ? ನಮ್ಮ ರಕ್ತದವಳೇ ಆಗಿದ್ರೆ?" ಎಂದಳು ರಿಸ್ಟಿ.

"ನಮ್ಮ ರಕ್ತದೋರು ಯಾರಮ್ಮಾ ಉಳಿದಿದಾರೆ?" ಎಂದ ಬೇಕೆನ್.

ಅವನೇನೂ ಕೊಂಕಿಗೆ ಅಂದದ್ದಲ್ಲ. ಆದರೂ ರಿಸ್ಟಿಗೆ ಹಳೆಯದೆಲ್ಲ ನೆನಪಾಯಿತು. ಸರ್ಕಾರ ತನ್ನ ಲೆಕ್ಕ ತುಂಬಿಸಲು ಕುರಿ, ಕುದುರೆ ಎಲ್ಲ ಹೊಡೆದುಕೊಂಡು ಹೋದ ವರ್ಷ ಹುಲ್ಲುಗಾವಲಿನಲ್ಲಿ ಊರಿಗೆ ಊರೇ ಹಸಿವಿಗೆ ಖಾಲಿಯಾಗಿತ್ತು. ಅವಳ ಊರಲ್ಲಿ ಉಳಿದವರು ಅವಳು ಮತ್ತು ಕಂಕುಳಲ್ಲಿದ್ದ ಬೇಕೆನ್. ಪಕ್ಕದ ಊರಲ್ಲಿ, ಬೇರೆ ಕುಲದ ಓತೆಗೆನ್ ಒಬ್ಬನೇ. ಅವನೂ ಬದುಕಿದ್ದು ಜೈಲಿನಲ್ಲಿದ್ದ ಕಾರಣಕ್ಕೆ. ತನ್ನ ಕುರಿಯನ್ನು ತಾನೇ ಬಚ್ಚಿಟ್ಟ ಅಪರಾಧಕ್ಕೆ ಜೈಲು! ಆ ಪುಣ್ಯಾತ್ಮರ ನ್ಯಾಯಕ್ಕೆ ಏನನ್ನೋಣ.

ಆ ಓತೆಗೆನ್ ಈಗ ಫಾರಂನ ಕುದುರೆ ಕಾಯುವ ಮುದುಕ. ಮರುದಿನ ಅವನು ಕುಲ್ಪಾಶಳನ್ನು ಕರೆದುಕೊಂಡು ಚಹಾಕ್ಕೆ ಬಂದ.

"ರಿಸ್ಟಿ, ಇವಳು ನನ್ನ ಮೊಮ್ಮಗಳು. ನಮ್ಮ ಸಾದಿರನ ಮಗಳು," ಎಂದ. "ಆ ಕಾಲದಲ್ಲಿ ಯಾರೋ ಎತ್ಕೊಂಡು ಹೋಗಿ ಅನಾಥಾಲಯಕ್ಕೆ ಸೇರಿಸಿದಾರೆ. ಈಗ ಗುರುತು ಸಿಕ್ತು."

ಚಹಾ ಬಗ್ಗಿಸುತ್ತಿದ್ದ ರಿಸ್ಟಿ ಪಾತ್ರೆಯನ್ನು ಕೆಳಗಿಟ್ಟಳು. ಸಾದಿರನ ಮಗಳನ್ನು ಮಣ್ಣು ಮಾಡಿದವಳು ಅವಳೇ. ಮಗುವಿನ ತಂದೆತಾಯಿ ಆಗಲೇ ಹೋಗಿದ್ದರು. ಕೂಸನ್ನು ತನ್ನ ತಲೆವಸ್ತ್ರದಲ್ಲಿ ಸುತ್ತಿ, ಹೆಪ್ಪುಗಟ್ಟಿದ ನೆಲವನ್ನು ಕೆದಕಿ ಕೆದಕಿ ಮಲಗಿಸಿದ್ದಳು. ಓತೆಗೆನ್ ಜೈಲಿನಿಂದ ಬಂದ ಮೇಲೆ ಅವನು ಕೇಳಲಿಲ್ಲ, ಇವಳಿಗೆ ಹೇಳುವ ಧೈರ್ಯ ಬರಲಿಲ್ಲ. ಪಾಪ, ಮುದುಕ ನಂಬಿಕೊಂಡು ಕೂತಿದ್ದಾನೆ. ಬಾಯಿ ಬಿಟ್ಟರೆ ಅವನ ಮೊಮ್ಮಗಳನ್ನು ಇನ್ನೊಂದು ಸಲ ಹೂತ ಹಾಗೆ, ಮಗನ ಮದುವೆಯೂ ಮುರಿದ ಹಾಗೆ. ಬಿಡದಿದ್ದರೆ ಹಿರಿಯರ ಮುಂದೆ ಸುಳ್ಳು.

"ಹೇಳು ಪುಟ್ಟಾ," ಎಂದ ಓತೆಗೆನ್.

"ಸಾದಿರ್, ಓತೆಗೆನ್, ಮೈಲಿಬಾಯ್, ಕೋಷಿಮ್, ತಾನಾ..." ಹುಡುಗಿ ತಡವರಿಸಿದಳು. "ಬೈಗಾರಾ, ಎಸೆನ್."

ಮುದುಕ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಅವನ ಹಿರಿಯರ ಹೆಸರನ್ನು ಎಳೆಯ ಬಾಯೊಂದು ಹೇಳಿ ಎಷ್ಟೋ ಕಾಲವಾಗಿತ್ತು.

"ನಮ್ಮಮ್ಮ ನೋಡೋಕೆ ಹೇಗಿದ್ರು?" ಕುಲ್ಪಾಶ್ ರಿಸ್ಟಿಯನ್ನು ಕೇಳಿದಳು.

ರಿಸ್ಟಿ ಆ ಮುಖವನ್ನೇ ನೋಡಿದಳು. ಅವಳಿಗೆ ತಡೆಯಲಾಗಲಿಲ್ಲ.

"ಥೇಟ್ ನಿನ್ನ ಹಾಗೇ ಕಣೇ. ಅದೇ ಹುಬ್ಬು. ಅಲ್ಯಾಕೆ ಬಾಗಿಲ ಹತ್ರ ಕೂತಿದೀಯ, ಬಾ, ನನ್ನ ಪಕ್ಕ ಕೂತ್ಕೋ."

ಓತೆಗೆನ್ ಹೊರಟಾಗ ರಿಸ್ಟಿ ಹೊರಗೆ ಬಂದು ಅವನ ಕುದುರೆಯ ಲಗಾಮು ಹಿಡಿದಳು. ಮುದುಕ ಜೀನಿನ ಮೇಲಿಂದ ಅವಳತ್ತ ಬಗ್ಗಿದ.

"ನನ್ನ ಮೊಮ್ಮಗೂನ ನೀನೇ ಮಣ್ಣು ಮಾಡಿದ್ದು ಅಂತ ಗೊತ್ತು ತಂಗಿ," ಎಂದ ಮೆಲ್ಲಗೆ. "ಎಲ್ಲಿ ಮಲಗ್ಸಿದೀಯ ಅಂತ ಒಂದಿನ ತೋರಿಸ್ತೀಯಾ?"

ರಿಸ್ಟಿ ಲಗಾಮು ಹಿಡಿದ ಕೈಯಲ್ಲೇ ಕಣ್ಣೊರೆಸಿಕೊಂಡಳು.

"ಮದ್ವೆ ಒಂದು ಮುಗೀಲಿ ಅಣ್ಣಾ. ಇಬ್ರೂ ಹೋಗೋಣ."