ಒತ್ತದ ಬಟ್ಟೆ

ಮೂರನೆಯ ಪ್ಯಾಂಟು ತೊಡೆಯವರೆಗೆ ಬಂದಾಗ ಅವಳ ಕೈ ತಾನಾಗಿಯೇ ನಿಂತಿತು. ಎರಡು ಕಾಲುಗಳ ಬಟ್ಟೆ ಕೂಡುವ ಕಡೆ ಪದರಗಳೆಲ್ಲ ಸೇರಿ ದಪ್ಪನೆಯ ಹೊಲಿಗೆಯೊಂದು ಆಗಿರುತ್ತದೆ. ಇಷ್ಟು ವರ್ಷ ಪ್ಯಾಂಟು ತೊಟ್ಟು ಓಡಾಡಿದವಳಿಗೆ ಅದು ಅಲ್ಲಿದೆ ಎಂಬುದೇ ತಿಳಿದಿರಲಿಲ್ಲ. ಈಗ ಮೈಗೆ ತಾಗುವ ಮೊದಲೇ ಅದು ಉರಿಯುತ್ತಿತ್ತು. ಒಂದೊಂದೇ ಕಾಲನ್ನು ಬಿಡಿಸಿಕೊಂಡು, ಹಾಸಿಗೆಯ ಮೇಲಿದ್ದ ಉಳಿದೆರಡರ ಜೊತೆ ಅದನ್ನೂ ಹಾಕಿದಳು. ಜೀನ್ಸನ್ನಂತೂ ಕಪಾಟಿನಿಂದ ಹೊರಗೇ ತೆಗೆದಿರಲಿಲ್ಲ.

"ಏನೇ, ಸ್ನಾನ ಆಗಿ ಯುಗ ಆಯ್ತು. ಒಳಗೆ ಮೊಟ್ಟೆ ಇಟ್ಟು ಕಾವು ಕೊಡ್ತಿದೀಯಾ?" ಬಾಗಿಲಾಚೆಯಿಂದ ಅತ್ತೆ ಕೇಳಿದರು.

"ಬಂದೆ ಅತ್ತೆ, ಎರಡೇ ನಿಮಿಷ."

"ನಿನ್ನ ಎರಡು ನಿಮಿಷ ನಂಗೊತ್ತು. ತಿಂಡಿ ಆರಿ ಕಲ್ಲಾಗ್ತಿದೆ."

ಕ್ಲಿನಿಕ್ಕಿನ ನರ್ಸು ಹೇಳಿದ್ದು ಇಷ್ಟೇ: "ಒತ್ತಬಾರದು, ಉಜ್ಜಬಾರದು ಮೇಡಂ. ಗಾಳಿ ಆಡ್ತಿರಬೇಕು. ಹತ್ತಿ ಬಟ್ಟೆ, ಸಡಿಲವಾಗಿ." ಹಣ್ಣಿನ ಬುಟ್ಟಿಯನ್ನು ದೂರದ ಊರಿಗೆ ಕಳಿಸುವವರು ಹೇಳುವಂತೆ ಹೇಳಿದ್ದಳು. ಆಗ ಅದು ಸುಲಭವೆನಿಸಿತ್ತು. ಸಡಿಲವಾದ ಬಟ್ಟೆಗೂ ಒಂದು ಕಾರಣ ಕೊಡಬೇಕಾಗುತ್ತದೆ ಎಂಬುದು ಮನೆಗೆ ಬಂದ ಮೇಲೆ ತಿಳಿಯಿತು.

ಕಪಾಟಿನ ಅಡಿಯಲ್ಲಿ ಬೂದು ಬಣ್ಣದ ಉದ್ದನೆಯ ಗೌನೊಂದು ಸಿಕ್ಕಿತು. ಕೊಂಡು ತಂದ ದಿನ ಗಂಡ ಅದನ್ನು ಗೋಣಿಚೀಲ ಎಂದಿದ್ದ. ಆಮೇಲೆ ಅವಳು ಅದನ್ನು ಮುಟ್ಟಿರಲಿಲ್ಲ. ಒಳಗೆ ಅವನದೇ ಒಂದು ಹಳೆಯ ಅಗಲ ಚಡ್ಡಿ, ಒಗೆದು ಒಗೆದು ಮೆತ್ತಗಾದದ್ದು. ಆಪರೇಷನ್ ಆದಂದಿನಿಂದ ಅವಳ ಒಳಉಡುಪುಗಳಲ್ಲಿ ಯಾವುದನ್ನೂ ತೊಡಲಾಗುತ್ತಿರಲಿಲ್ಲ, ಅದೊಂದೇ ಎಲ್ಲೂ ಒತ್ತದೆ ನಿಲ್ಲುತ್ತಿತ್ತು. ಯಾರ ಮಾತಿಗಾಗಿ ಇಷ್ಟೆಲ್ಲ ಮಾಡಿಸಿಕೊಂಡಳೋ ಅವನ ಚಡ್ಡಿ. ಕನ್ನಡಿಗೆ ಬೆನ್ನು ಮಾಡಿ ಅದನ್ನು ಏರಿಸಿಕೊಂಡಳು.

ಮಾತು ಎಂದರೆ ದೊಡ್ಡ ಮಾತೇನೂ ಅಲ್ಲ. ಮದುವೆಯಾದ ಹೊಸತರಲ್ಲಿ ಒಮ್ಮೆ, ದೀಪ ಆರಿಸುವ ಮೊದಲು, "ನಿಂದು ಬೇರೆ ಥರ ಇದೆ ಅಲ್ವಾ," ಎಂದು ಅವನು ನಕ್ಕಿದ್ದ. ಬೈದಿರಲಿಲ್ಲ, ಮುಖ ಸಿಂಡರಿಸಿರಲಿಲ್ಲ. ನಕ್ಕು, ದೀಪ ಆರಿಸಿ, ಹತ್ತಿರ ಎಳೆದುಕೊಂಡಿದ್ದ. ಯಾರದ್ದಕ್ಕಿಂತ ಎಂದು ಅವಳು ಕೇಳಲಿಲ್ಲ. ಬೆಳಗಾಗುವಷ್ಟರಲ್ಲಿ ಅವನಿಗೆ ಆ ಮಾತು ಮರೆತೇ ಹೋಗಿರಬೇಕು. ಅವಳು ಮಾತ್ರ ಅಂದಿನಿಂದ ಕೋಣೆ ಕತ್ತಲಾಗುವವರೆಗೆ ಹೊದಿಕೆ ಸರಿಸಲಿಲ್ಲ. ವರ್ಷಗಳು ಕಳೆದ ಮೇಲೆ, ಅವನು ದೂರದ ಸೇತುವೆ ಕೆಲಸದ ಮೇಲಿದ್ದಾಗ, ತರಬೇತಿಗೆ ಹೋಗುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ, ಬೇರೊಂದು ಊರಿನ ಕ್ಲಿನಿಕ್ಕಿನಲ್ಲಿ ಆ ಬೇರೆ ಥರದ್ದನ್ನು ಕತ್ತರಿಸಿ ಸರಿಮಾಡಿಸಿಕೊಂಡು ಬಂದಳು. ಬಂದ ಮೇಲೆ ಬೆನ್ನುನೋವೆಂದು ಕೆಲವು ದಿನ ಮಲಗಿದಳು. ಇವತ್ತು ಕೆಲಸಕ್ಕೆ ಹೋಗಲೇಬೇಕಿತ್ತು.

ಹೊರಗೆ ಅತ್ತೆ ಹೊಲಿಗೆಯಂತ್ರದ ಮುಂದೆ ಕೂತಿದ್ದರು. ಹರೆಯವನ್ನೆಲ್ಲ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಳೆದವರು. ಈಗ ಸುತ್ತಮುತ್ತಲಿನವರ ಬಟ್ಟೆಗಳನ್ನು ಬಿಡಿಸಿ, ಹಿಡಿದು, ಸರಿಮಾಡಿಕೊಡುತ್ತಿದ್ದರು. ಸೊಸೆಯ ಗೌನನ್ನು ಮೇಲಿಂದ ಕೆಳಗೆ ನೋಡಿದರು. ಹೊಟ್ಟೆಯ ಹತ್ತಿರ ಕಣ್ಣು ಸ್ವಲ್ಪ ತಡೆಯಿತು.

"ಇದೇನು, ಪ್ಯಾಂಟೆಲ್ಲ ಎಲ್ಲಿ ಹೋದ್ವು?"

"ಬಿಗಿ ಆಗ್ತಿವೆ ಅತ್ತೆ."

"ಆಗ್ಲಿ ಬಿಡು," ಎಂದರು ಅತ್ತೆ. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಸೂಜಿಗೆ ಪೋಣಿಸಿದರು.

ಅವಳು ಕೆಲಸ ಮಾಡುತ್ತಿದ್ದುದು ಕಿವಿ ಕೇಳದವರಿಗೆ ಯಂತ್ರ ಕೊಡುವ ಅಂಗಡಿಯಲ್ಲಿ. ಹಿಂದುಗಡೆಯ ಪುಟ್ಟ ಕೋಣೆಯಲ್ಲಿ, ಗೋಡೆಗೆಲ್ಲ ಮೆತ್ತೆ ಹೊದಿಸಿದ ಮೌನದಲ್ಲಿ, ಕಿವಿ ಪರೀಕ್ಷೆ. ಮುಂದುಗಡೆ ಮಾರಾಟ ಮತ್ತು ದುರಸ್ತಿ. ಅಲ್ಲಿದ್ದವರಿಗೆಲ್ಲ ಒಂದು ಅಭ್ಯಾಸ ಅಂಟಿಕೊಂಡಿತ್ತು. ಯಂತ್ರ ಕಿವಿಗೆ ಹೋಗುವವರೆಗೆ ಬಂದವರಿಗೆ ಉತ್ತರ ಕೇಳಿಸುವುದಿಲ್ಲ; ಕೂಗಿ ಹೇಳಿದರೆ ಬೀದಿಗೆಲ್ಲ ಕೇಳಿಸುತ್ತದೆ. ಹಾಗಾಗಿ ಅವರು ಏನೇ ಹೇಳಲಿ, ಕಣ್ಣಿಗೆ ಕಾಣುವಂತೆ ದೊಡ್ಡದಾಗಿ ತಲೆಯಾಡಿಸುವುದು. ಇವತ್ತು ಸೆಕೆ ಜಾಸ್ತಿ ಎಂದರೂ ಹೌದು, ನನ್ನ ಮಗ ಸತ್ಯವಂತ ಎಂದರೂ ಹೌದು. "ಒಪ್ಪದೇ ಇರೋಕೆ ಇಲ್ಲಿ ಸಂಬಳ ಕೊಡಲ್ಲಮ್ಮ," ಎಂದು ಮಾಲೀಕ ಹೊಸಬರಿಗೆ ಮೊದಲ ದಿನವೇ ಹೇಳುತ್ತಿದ್ದ.

ಮಧ್ಯಾಹ್ನಕ್ಕೆ ಮೊದಲು ಕೆಳಮನೆಯ ಅಜ್ಜ ಬಂದರು. ಅವಳ ಮನೆಯಿರುವ ಕಟ್ಟಡದಲ್ಲೇ ನೆಲಮಹಡಿಯಲ್ಲಿ ಇರುವವರು. ಎರಡೂ ಕಿವಿಯ ಯಂತ್ರ ತೆಗೆದು ಅವಳ ಅಂಗೈಯಲ್ಲಿಟ್ಟು, "ಕುಯ್ಯೋ ಅಂತ ಕೂಗ್ತಿದೆ, ನೋಡು," ಎಂದರು. ಅವಳು ಅವನ್ನು ಹಿಡಿದು ಮೇಜಿನ ಆಚೆಬದಿಗೆ ನಡೆದಳು. ಬೆಳಿಗ್ಗೆಯಿಂದ ನಿಂತೇ ಕೆಲಸ ಮಾಡುತ್ತಿದ್ದಳು.

"ಯಾಕಮ್ಮಾ, ಬಾತುಕೋಳಿ ಥರ ನಡೀತಿದೀಯ?" ಕಿವಿ ಬರಿದಾಗಿದ್ದ ಅಜ್ಜನ ದನಿ ಅಂಗಡಿಯನ್ನು ತುಂಬಿತು. ಬೆಂಚಿನ ಮೇಲೆ ಕಾಯುತ್ತಿದ್ದವರು ತಲೆಯೆತ್ತಿದರು. ಅವಳು ಕುಂಚದಿಂದ ಯಂತ್ರದ ತೂತಿನ ಗುಗ್ಗೆ ತೆಗೆಯುತ್ತ ತಲೆಯಾಡಿಸಿದಳು.

"ಅತ್ತೆ ಚೆನ್ನಾಗಿದಾಳಾ?"

ತಲೆಯಾಡಿಸಿದಳು.

"ಯಾವತ್ತೂ ಪ್ಯಾಂಟಲ್ಲಿರೋಳು ಇವತ್ತು ಗೌನು ಬೇರೆ. ಏನು, ವಿಶೇಷನಾ?"

ತಲೆಯಾಡಿಸಿದಳು. ಆ ಪದ ಅವಳ ಕಿವಿ ದಾಟಿ ಒಳಗೆ ಇಳಿಯುವಷ್ಟರಲ್ಲಿ ತಲೆ ಎರಡು ಸಲ ಕೆಳಗೆ ಹೋಗಿ ಮೇಲೆ ಬಂದಿತ್ತು.

"ಭೇಷ್," ಎಂದರು ಅಜ್ಜ. "ನಾನಾಗ್ಲೇ ಅಂದ್ಕೊಂಡೆ. ನಿಮ್ಮತ್ತೆ ಒಂದು ಮಾತೂ ಉಸುರಿಲ್ಲ ನೋಡು, ಕಳ್ಳಿ."

ಅವಳು ಅವಸರವಾಗಿ ಒಂದು ಯಂತ್ರವನ್ನು ಅವರ ಕಿವಿಗೆ ತುರುಕಿದಳು. "ಇಲ್ಲ ಅಜ್ಜ, ಹಾಗೇನಿಲ್ಲ, ನಾನು ಸುಮ್ನೆ..."

"ಈಗ್ಲೇ ಹೇಳ್ಬಾರದು ಅಂತಾನಾ? ಆಯ್ತಮ್ಮ, ನನ್ನ ಬಾಯಿಗೆ ಹೊಲಿಗೆ ಹಾಕಿದೆ ಅಂದ್ಕೋ."

ಹೊಲಿಗೆ ಎಂಬ ಮಾತಿಗೆ ಅವಳ ತೊಡೆಗಳು ತಾವಾಗಿ ಬಿಗಿದವು. ಆ ಹೊತ್ತಿಗೆ ಮಾಲೀಕ ತನ್ನದೇ ಕುರ್ಚಿಯನ್ನು ಎಳೆದುಕೊಂಡು ಬಂದಿದ್ದ. "ಮೊದಲೇ ಹೇಳೋದಲ್ವೇನಮ್ಮ. ಇನ್ಮೇಲೆ ನಿಂತು ಕೆಲಸ ಮಾಡೋದು ಬೇಡ. ಕೂತ್ಕೋ." ಬೆಂಚಿನ ಮೇಲಿದ್ದ ಹೆಂಗಸರು ನಕ್ಕರು, ಒಳ್ಳೆಯ ನಗು ಅದು. ಅಷ್ಟು ಜನರ ಒಳ್ಳೆಯತನದ ಎದುರು ಅವಳು ಕೂತಳು. ಸಂಜೆಯವರೆಗೂ ಅವಳನ್ನು ಯಾರೂ ಏಳಲು ಬಿಡಲಿಲ್ಲ. ಏಳಹೊರಟಾಗಲೆಲ್ಲ ಯಾರಾದರೊಬ್ಬರು "ಏನು ಬೇಕು, ನಾನು ತರ್ತೀನಿ," ಎನ್ನುತ್ತಿದ್ದರು.

ಮನೆಯ ಬಾಗಿಲು ತೆರೆದೇ ಇತ್ತು. ಅವಳ ಮೂರೂ ಪ್ಯಾಂಟುಗಳು ಹೊಲಿಗೆಯಂತ್ರದ ಪಕ್ಕದಲ್ಲಿ ಮಡಿಸಿ ಕೂತಿದ್ದವು. ಮೂರರ ಸೊಂಟವನ್ನೂ ಬಿಚ್ಚಿ, ಬದಿಗೆ ಬೇರೆ ಬಟ್ಟೆ ಕೊಟ್ಟು, ಅಗಲವಾದ ಇಲಾಸ್ಟಿಕ್ ಕೂರಿಸಲಾಗಿತ್ತು. ಬಣ್ಣ ಹೊಂದುವ ದಾರ ಹುಡುಕಿ ಹಾಕಿದ್ದರು. ಹತ್ತಿರದಿಂದ ನೋಡದ ಹೊರತು ತಿಳಿಯುವಂತಿರಲಿಲ್ಲ.

"ಅಜ್ಜ ಬಾಯಿಗೆ ಹೊಲಿಗೆ ಹಾಕ್ಕೊಂಡಿದ್ರಂತಲ್ಲ," ಎಂದರು ಅತ್ತೆ. ಮುಖದಲ್ಲಿ ನಗು ಅಡಗಿಸಲು ಆಗುತ್ತಿರಲಿಲ್ಲ. "ಮೆಟ್ಟಿಲ ಹತ್ರಾನೇ ಬಿಚ್ಚೋಯ್ತು. ಮೂರು ಮಹಡಿಗೂ ಕೇಳಿಸ್ತು. ನಾನು ಬೆಳಿಗ್ಗೇನೇ ಅಂದ್ಕೊಂಡೆ ಕಣೇ, ಆದ್ರೆ ನೀನಾಗೇ ಹೇಳ್ಲಿ ಅಂತ ಸುಮ್ನಿದ್ದೆ."

"ಅತ್ತೆ, ಅದು ಹಾಗಲ್ಲ," ಎಂದು ಅವಳು ಕೈಚೀಲವನ್ನು ಮೊಳೆಗೆ ಹಾಕಲು ತಿರುಗಿದಳು.

ಚೀಲ ಹಾಕಿ ತಿರುಗಿ ನೋಡಿದಾಗ ಅವರ ಮುಖದ ನಗು ಹಾಗೆಯೇ ಇತ್ತು, ಅದನ್ನು ತೆಗೆಯಲು ಮರೆತವರಂತೆ. ಕಣ್ಣು ಮಾತ್ರ ಗೌನಿನ ಹಿಂಭಾಗದಲ್ಲಿತ್ತು. ಅವಳು ಕೈಯಿಟ್ಟು ನೋಡಿಕೊಂಡಳು. ಬೂದು ಬಟ್ಟೆಯ ಮೇಲೆ ಬೆರಳಗಲದ ಒದ್ದೆ.

"ನಿಲ್ಲಲಿಲ್ವೇನೇ?" ಅತ್ತೆ ಮೆಲ್ಲಗೆ ಕೇಳಿದರು.

ಇಲ್ಲ ಎಂದು ತಲೆ ಅಲ್ಲಾಡಿಸಿದರೂ, ಹೌದು ಎಂದು ಆಡಿಸಿದರೂ ಆ ಪ್ರಶ್ನೆಗೆ ಒಂದೇ ಅರ್ಥ ಬರುತ್ತಿತ್ತು. ಅವಳು ಎರಡೂ ಮಾಡಲಿಲ್ಲ. ಸುಮ್ಮನೆ ನಿಂತಳು. ನಿಂತ ಒಂದೆರಡು ಗಳಿಗೆಯಲ್ಲಿ ಆ ಸುಳ್ಳು ತಾನಾಗಿಯೇ ಬಂದು ಅವಳ ಮೈಮೇಲೆ ಕೂತಿತು. ಬೆನ್ನುನೋವು, ಮಲಗಿದ್ದು, ನಡಿಗೆ, ಗೌನು, ಈಗ ಈ ರಕ್ತ. ಎಲ್ಲಕ್ಕೂ ಅದು ಸರಿಹೋಗುತ್ತಿತ್ತು. ಅವಳ ಅಳತೆ ತೆಗೆದು ಹೊಲಿದಂತಿತ್ತು, ಎಲ್ಲೂ ಒತ್ತುತ್ತಿರಲಿಲ್ಲ.

ಅತ್ತೆ ಅವಳನ್ನು ಮಂಚದ ಮೇಲೆ ಮಲಗಿಸಿದರು. ಬಿಸಿನೀರು ತಂದರು, ಮಡಿಸಿದ ಹಳೆಯ ಬಟ್ಟೆ ತಂದರು, "ಡಾಕ್ಟರ ಹತ್ರ ಹೋಗೋಣ್ವಾ," ಎಂದು ಕೇಳಿದರು. "ಬೇಡ, ಅವರಿಗೆ ಗೊತ್ತಿದೆ," ಎಂದಳು. ಅದು ಸುಳ್ಳಾಗಿರಲಿಲ್ಲ. ಅತ್ತೆ ಪಕ್ಕದಲ್ಲಿ ಕೂತು ಅವಳ ಹಣೆಯ ಮೇಲೆ ಕೈಯಿಟ್ಟರು. ಸೂಜಿ ಹಿಡಿದು ಒರಟಾದ ಬೆರಳುಗಳು.

"ನಂದೂ ಒಂದು ಹೋಗಿತ್ತು," ಎಂದರು. "ನಿನ್ನ ಗಂಡ ಹುಟ್ಟೋಕೆ ಮುಂಚೆ. ಹೊಟ್ಟೆ ಕಾಣ್ತಿತ್ತು ಆಗ್ಲೇ. ಕಾರ್ಖಾನೆಯಲ್ಲಿ ಕಾಲರ್ ಹಚ್ಚೋ ಸಾಲಲ್ಲಿದ್ದೆ. ಕೂತ ಕಡೇನೇ ಶುರುವಾಯ್ತು. ಎದ್ದರೆ ಸಾಲು ನಿಲ್ಲುತ್ತೆ, ಮೇಸ್ತ್ರಿ ಬೈತಾನೆ ಅಂತ ಗಂಟೆ ಹೊಡೆಯೋವರೆಗೂ ಹೊಲೀತಾನೇ ಇದ್ದೆ. ಆಸ್ಪತ್ರೆಯಲ್ಲಿ ಅದು ಹೆಣ್ಣು ಅಂದ್ರು."

ಅತ್ತೆ ಅವಳ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿದರು.

"ನಿಮ್ಮ ಮಾವನಿಗೆ ತಾನಾಗೇ ಹೋಯ್ತು ಅಂದೆ. ಕೂತೇ ಇದ್ದೆ ಅಂತ ಹೇಳ್ಲಿಲ್ಲ. ಎದ್ದಿದ್ರೆ ಉಳೀತಿತ್ತೋ ಏನೋ. ಯಾರಿಗೂ ಹೇಳಿಲ್ಲ ಇದನ್ನ. ನಿನಗ್ಯಾಕೆ ಹೇಳ್ತಿದೀನಿ ಅಂದ್ರೆ, ನಾನೇ ಏನೋ ಮಾಡಿದೆ ಅಂತ ನೀನು ಅಂದ್ಕೋಬೇಡ. ಅದು ಜನ್ಮವಿಡೀ ಕೊರೆಯುತ್ತೆ."

ಅವಳು ಗೋಡೆಯ ಕಡೆ ಮುಖ ಮಾಡಿದಳು. ಅತ್ತೆ ಅದನ್ನು ಅಳು ಎಂದುಕೊಂಡು ಬೆನ್ನು ಸವರಿದರು. ಆಮೇಲೆ ಫೋನಿಗೆ ಕೈಚಾಚಿದರು. "ಅವನಿಗೆ ಬರೋಕೆ ಹೇಳ್ತೀನಿ. ಸೇತುವೆ ಎಲ್ಲೂ ಓಡಿಹೋಗಲ್ಲ."

"ಮಾಡ್ಬೇಡಿ ಅತ್ತೆ."

"ಅವನಿಗೂ ಗೊತ್ತಾಗ್ಲಿ ಕಣೇ. ಅವಂದೂ ಅಲ್ವಾ."

"ಮಗು ಇರ್ಲಿಲ್ಲ ಅತ್ತೆ."

ಹೇಳಿದ ಮೇಲೆ ನಿಲ್ಲಿಸುವಂತಿರಲಿಲ್ಲ. ಅವಳಿಗೆ ಆ ಜಾಗದ ಹೆಸರು ಬೇಕಾಯಿತು. ಗೊತ್ತಿದ್ದ ಹೆಸರುಗಳಲ್ಲಿ ಕೆಲವು ಬೀದಿಜಗಳದವು, ಉಳಿದವು ಡಾಕ್ಟರರವು. ಅತ್ತೆಯ ಎದುರು ಹೇಳಬಹುದಾದ ಒಂದೂ ಇರಲಿಲ್ಲ. "ಕೆಳಗೆ ಆಪರೇಷನ್ ಮಾಡಿಸ್ಕೊಂಡೆ," ಎಂದಳು.

"ಆಪರೇಷನ್ನಾ?" ಅತ್ತೆಯ ದನಿ ಏರಿತು. "ಮಕ್ಕಳೇ ಆಗದ ಹಾಗಾ?"

"ಅದಲ್ಲ. ಅದು... ಚೆನ್ನಾಗಿ ಕಾಣ್ಲಿ ಅಂತ."

"ಕಾಣ್ಲಿ ಅಂತ," ಎಂದರು ಅತ್ತೆ. ಅರ್ಥವಾಗಲು ಹೊತ್ತು ಹಿಡಿಯಿತು. "ಯಾರಿಗೆ?"

ಹಣೆಯ ಮೇಲೆ, ಬೆನ್ನ ಮೇಲೆ ಇದ್ದ ಕೈ ಈಗ ಎಲ್ಲೂ ಇರಲಿಲ್ಲ.

"ನಾನು ಅಷ್ಟೆಲ್ಲ ಹೇಳೋವರೆಗೂ ಸುಮ್ನೆ ಮಲಗಿದ್ದೆ ನೀನು."

"ಹೌದು."

"ಕೇಳಿಸ್ಕೋತಾ."

"ಹೌದು ಅತ್ತೆ. ತಪ್ಪಾಯ್ತು."

ಅತ್ತೆ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಕೆಳಗಿನ ಬೀದಿಯಲ್ಲಿ ಯಾರೋ ಅಂಗಡಿಯ ಷಟರ್ ಎಳೆದರು. ಹೊರಗೆ ಹೋಗಿಬಿಡುತ್ತಾರೆ ಎಂದುಕೊಂಡಳು. ಹೋಗಲಿ ಎಂದೂ ಅನ್ನಿಸಿತು. ಆದರೆ ಅವರು ಬೆನ್ನು ತಿರುಗಿಸಿಕೊಂಡೇ ಕೇಳಿದರು: "ಚೆನ್ನಾಗಿಲ್ಲ ಅಂತ ಹೇಳಿದ್ಯಾರು?"

ಆ ಮಾತು ಹೇಳಬಹುದಾದವರು ಇಡೀ ಲೋಕದಲ್ಲಿ ಒಬ್ಬರೇ.

"ಅವನಾ?"

"ಒಂದೇ ಸಲ. ತಮಾಷೆಗೆ ಅಂದಿದ್ದು. ಅವರಿಗೆ ನೆನಪೂ ಇರಲ್ಲ."

"ಅವನ ಕುಂಡಿ ತೊಳೆದು ಬೆಳೆಸಿದೋಳು ನಾನು," ಎಂದರು ಅತ್ತೆ. "ಅವಂದೇನು ಬಂಗಾರದ್ದಲ್ಲ."

ಅವಳಿಗೆ ತಡೆಯಲಾಗದೆ ನಗು ಬಂತು. ನಕ್ಕೊಡನೆ ಕೆಳಗೆ ಎಲ್ಲ ಒಟ್ಟಿಗೆ ಜಗ್ಗಿ, ಮೊಣಕಾಲು ಮಡಿಸಿ ಉಸಿರು ಹಿಡಿದಳು. ಅತ್ತೆ ನಗಲಿಲ್ಲ. ಬಂದು ಮಂಚದ ತುದಿಯಲ್ಲಿ, ಅವಳ ಕಾಲಿಗೆ ತಾಗದಷ್ಟು ದೂರದಲ್ಲಿ, ಕೂತರು.

"ಎಲ್ಲರದ್ದೂ ಒಂದೇ ಥರ ಇರುತ್ತಾ?" ಎಂದು ಕೇಳಿದರು.

"ಇರಲ್ಲ. ಒಬ್ಬೊಬ್ಬರದ್ದು ಒಂದೊಂದು ಥರ. ಡಾಕ್ಟರೇ ಹೇಳಿದ್ರು."

"ಹಾಗಂತ ಹೇಳಿ, ಆಮೇಲೆ ಕತ್ತರಿಸಿದ್ರಾ?"

ಕೋಣೆಯಲ್ಲಿ ಬೆಳಕು ಕಡಿಮೆಯಾಗುತ್ತ ಬಂತು. ಪಕ್ಕದ ಮನೆಯ ನಲ್ಲಿಯಿಂದ ಬಕೆಟ್ಟಿಗೆ ನೀರು ಬೀಳುವುದು, ಬಕೆಟ್ಟು ತುಂಬುತ್ತ ಆ ಸದ್ದು ಬದಲಾಗುವುದು ಕೇಳಿಸುತ್ತಿತ್ತು.

"ನಾನು ನೋಡೇ ಇಲ್ಲ," ಎಂದರು ಅತ್ತೆ, ತಮಗೇ ಹೇಳಿಕೊಂಡಂತೆ. "ಇಷ್ಟು ವಯಸ್ಸಾಯ್ತು. ನಂದು ಹೇಗಿದೆ ಅಂತ ಒಂದು ಸಲಾನೂ ನೋಡಿಲ್ಲ."

ಅವಳು ಮಲಗಿದಲ್ಲಿಂದಲೇ ಅವರತ್ತ ನೋಡಿದಳು. ಅತ್ತೆ ತಲೆ ತಗ್ಗಿಸಿ ಕೂತಿದ್ದರು. ಎರಡೂ ಅಂಗೈಗಳು ಮಡಿಲ ಮೇಲಿನ ಸೀರೆಯನ್ನು ಮೊಣಕಾಲಿನವರೆಗೆ ಸವರಿ, ಹಿಂದಕ್ಕೆ ಬಂದು, ಮತ್ತೆ ಮೊಣಕಾಲಿನವರೆಗೆ ಸವರುತ್ತಿದ್ದವು, ಬಟ್ಟೆಯಲ್ಲಿಲ್ಲದ ಸುಕ್ಕೊಂದನ್ನು ತೆಗೆಯುವಂತೆ.