ಸಿಸ್ಟರ್ ಕಾರ್ಮಿನ್ ಬಂದ ದಿನ

ಮನೆಮಂದಿಯೆಲ್ಲ ಹೊರನಾಡಿಗೆ ಹೋದಾಗ ಯಶೋದಾ ದೇವಸ್ಥಾನದ ಹೊರಗೇ ನಿಂತುಬಿಡುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಅತ್ತೆ ಗೊಣಗಿದ್ದುಂಟು. "ಅವಳಿಗೆ ಆ ನೂಕುನುಗ್ಗಲು ಆಗಲ್ಲಮ್ಮ, ಬಿಡು" ಎಂದು ಗಂಡ ಉಮೇಶನೇ ಸಮಜಾಯಿಷಿ ಕೊಡುತ್ತಿದ್ದ. ನಿಜವಾದ ಕಾರಣವನ್ನು ಇಪ್ಪತ್ತೈದು ವರ್ಷಗಳ ಸಂಸಾರದಲ್ಲಿ ಅವಳು ಅವನಿಗೂ ಹೇಳಿರಲಿಲ್ಲ.

ಅವಳು ಹುಟ್ಟಿದ್ದು ಮೂಡಿಗೆರೆ ಕಡೆಯ ಒಂದು ಎಸ್ಟೇಟಿನ ಲೈನ್ ಮನೆಯಲ್ಲಿ. ಅಪ್ಪ ಅಮ್ಮ ಇಬ್ಬರೂ ತೋಟದ ಆಳುಗಳು. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಮಾತಾಡಿ ಅವಳನ್ನು ಹತ್ತಿರದ ಕಾನ್ವೆಂಟ್ ಶಾಲೆಗೆ ಸೇರಿಸಿದ್ದರು. ಅಲ್ಲಿ ಮೂರನೇ ತರಗತಿಗೆ ಪಾಠ ಮಾಡುತ್ತಿದ್ದವರು ಸಿಸ್ಟರ್ ಕಾರ್ಮಿನ್. ಮಂಗಳೂರು ಕಡೆಯವರು, ಕೊಂಕಣಿ ರಾಗದಲ್ಲಿ ಕನ್ನಡ ಎಳೆಯುತ್ತಿದ್ದರು. ಯಶೋದಾಳ ತಲೆಯ ಹೇನು ತೆಗೆದು, ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹೆಣೆದವರು ಅವರೇ. ಮಧ್ಯಾಹ್ನ ಪ್ರಾರ್ಥನಾಲಯದ ಹೂದಾನಿಗಳಿಗೆ ನೀರು ತುಂಬುವ ಕೆಲಸವನ್ನೂ ಅವಳಿಗೇ ಕೊಟ್ಟಿದ್ದರು. ಕೆಲಸ ಮುಗಿದ ಮೇಲೂ ಅವಳು ಅಲ್ಲಿ ಕೂತಿರುತ್ತಿದ್ದಳು. ಅಮ್ಮನ ಕೆಮ್ಮು, ಅಪ್ಪನ ಕುಡಿತ, ಕಳೆದುಹೋದ ರಬ್ಬರು, ಎಲ್ಲವನ್ನೂ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು. ಯಾರೋ ಕಿವಿಗೊಟ್ಟು ಕೇಳುತ್ತಿದ್ದಾರೆ ಅನ್ನಿಸುತ್ತಿತ್ತು. ಅಂಥ ಹಗುರ ಅವಳಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ಒಂದು ಶುಕ್ರವಾರ ಶಾಲೆಯಲ್ಲಿ ಬಲಿಪೂಜೆ, ಅಂದರೆ ಮಾಸ್ ಪ್ರಾರ್ಥನೆ, ಇತ್ತು. ಹಿಂದಿನ ದಿನ ಸಿಸ್ಟರ್ ಕಾರ್ಮಿನ್ ತರಗತಿಯಲ್ಲಿ, "ದೇವರು ಎಲ್ಲರನ್ನೂ ತನ್ನ ಊಟಕ್ಕೆ ಕರೀತಾನೆ ಮಕ್ಕಳೇ" ಎಂದಿದ್ದರು.

"ನನ್ನನ್ನೂ ಕರೀತಾನಾ ಸಿಸ್ಟರ್?" ಎಂದು ಕೇಳಿದ್ದಳು ಯಶೋದಾ.

"ನಿನ್ನನ್ನು ಎಲ್ಲರಿಗಿಂತ ಮೊದಲು."

ಆ ಮಾತನ್ನು ನಂಬಿಕೊಂಡು ಒಂಬತ್ತು ವರ್ಷದ ಹುಡುಗಿ, ಕ್ರೈಸ್ತರಿಗಷ್ಟೇ ಕೊಡುವ ಪರಮಪ್ರಸಾದದ ಸಾಲಿನಲ್ಲಿ ಹೋಗಿ ನಿಂತಳು. ಹೊರಗಿನಿಂದ ಬಂದಿದ್ದ ಫಾದರ್‌ಗೆ ಅವಳು ಕ್ರೈಸ್ತಳಲ್ಲವೆಂದು ಗೊತ್ತಿರಲಿಲ್ಲ. ನಾಲಿಗೆಯ ಮೇಲೆ, ದೇವರ ಶರೀರವೇ ಎಂದು ಅವರು ನಂಬುವ ಆ ತೆಳ್ಳನೆಯ ಬಿಳಿ ರೊಟ್ಟಿ ಇಟ್ಟರು. ಕಣ್ಣು ಮುಚ್ಚಿಕೊಂಡು ವಾಪಸು ಬರುತ್ತಿದ್ದವಳ ಕಿವಿಯನ್ನು ಹೆಡ್‌ಮಿಸ್ ಸಿಸ್ಟರ್ ಬೆನೆಡಿಕ್ಟಾ ಹಿಡಿದರು. ಹಾಗೇ ಅಂಗಳಕ್ಕೆ ಎಳೆದು ತಂದು, ಪೂಜೆ ಮುಗಿಸಿ ಹೊರಬಂದ ಇಡೀ ಶಾಲೆಯ ಎದುರು ಕೆನ್ನೆಗೆ ಬಾರಿಸಿದರು.

"ದೇವರನ್ನೇ ಕದ್ದು ತಿಂದೆಯಲ್ಲ! ಯಾರೇ ನಿನಗೆ ಹೇಳಿಕೊಟ್ಟಿದ್ದು?"

ಯಶೋದಾ ಸಿಸ್ಟರ್ ಕಾರ್ಮಿನ್ ಕಡೆ ನೋಡಿದಳು. ನಾನೇ ಹೇಳಿದ್ದು, ಮಗು ತಪ್ಪು ತಿಳ್ಕೊಂಡಿದೆ ಎಂದು ಅವರು ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದಳು. ಅವರು ತಲೆ ತಗ್ಗಿಸಿ ನೆಲ ನೋಡುತ್ತ ನಿಂತಿದ್ದರು.

ಅಲ್ಲಿಂದ ಒಂದು ತಿಂಗಳು ಪ್ರಾರ್ಥನೆಯ ಹೊತ್ತಿನಲ್ಲೆಲ್ಲ ಅವಳು ಬಾಗಿಲ ಹೊರಗೆ ಮೊಣಕಾಲೂರಿ ಕೂರಬೇಕಾಯಿತು. "ನಿನ್ನ ಜಾಗ ಇದು, ನೆನಪಿಟ್ಕೋ" ಎಂದಿದ್ದರು ಹೆಡ್‌ಮಿಸ್. ಒಳಗೆ ಹೋಗುವಾಗ ಸಿಸ್ಟರ್ ಕಾರ್ಮಿನ್‌ರ ಬಿಳಿ ಸೆರಗು ಅವಳ ಭುಜಕ್ಕೆ ತಾಗುತ್ತಿತ್ತು. ಅವರು ನಿಲ್ಲುತ್ತಿರಲಿಲ್ಲ. ಬೇಸಿಗೆ ರಜೆ ಕಳೆದು ಬಂದಾಗ ಅವರಿಗೆ ವರ್ಗವಾಗಿತ್ತು. ಏಟು ಮರೆತುಹೋಯಿತು, ಮೊಣಕಾಲಿನ ಗಾಯ ಮಾಯಿತು. ಆದರೆ ಯಾವ ದೇವರ ಬಾಗಿಲಿಗೆ ಹೋದರೂ ಯಶೋದಾಳ ಕಾಲು ಅಲ್ಲೇ ನಿಂತುಬಿಡುತ್ತಿತ್ತು. ಯಾರೋ ಕೇಳುತ್ತಿದ್ದಾರೆ ಅನ್ನುವ ಆ ಭಾವ ಮತ್ತೆ ಬರಲೇ ಇಲ್ಲ.

ಈಗ ಅವಳಿಗೆ ನಲವತ್ತೇಳು. ಕಳಸದ ಹತ್ತಿರದ ಹಳ್ಳಿಯೊಂದರಲ್ಲಿ ಅಂಗನವಾಡಿ ಟೀಚರು. ಕಳೆದ ಡಿಸೆಂಬರಿನಲ್ಲಿ ಕಾಫಿ ಕೊಯ್ಲು ಜೋರಾಗಿ, ತಾಯಂದಿರೆಲ್ಲ ತೋಟ ಸೇರಿದ್ದ ದಿನ, ಅಂಗನವಾಡಿ ಎದುರು ಒಂದು ಆಟೋ ನಿಂತಿತು. ಎಳೆಯ ಸಿಸ್ಟರ್ ಒಬ್ಬರ ತೋಳು ಹಿಡಿದು ಬಾಗಿದ ಬೆನ್ನಿನ ಮುದುಕಿ ಇಳಿದರು. ಸಿಸ್ಟರ್ ಕಾರ್ಮಿನ್ ಎಂದು ನಡಿಗೆಯಲ್ಲೇ ಯಶೋದಾಗೆ ಗುರುತು ಹತ್ತಿತು.

"ರುದ್ರಾಣಿ, ನಾನು ಮೀಟಿಂಗಿಗೆ ಹೋಗಿದೀನಿ ಅಂತ ಹೇಳಿಬಿಡು" ಎಂದು ಸಹಾಯಕಿಗೆ ಹೇಳಿ, ದಿನಸಿ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹೊರಗಿನ ಮಾತೆಲ್ಲ ಕೇಳುತ್ತಿತ್ತು. ಪೇಪರಿನಲ್ಲಿ ಪೋಲಿಯೊ ಹನಿ ಹಾಕುವ ಫೋಟೋ ನೋಡಿ, ಅದರ ಕೆಳಗಿನ ಹೆಸರು ಓದಿ ಹುಡುಕಿಕೊಂಡು ಬಂದರಂತೆ. "ಕಾಯ್ತೇನೆ ಮಗಾ, ನನಗೆ ಅವಸರ ಇಲ್ಲ" ಎಂದರು. ಮಕ್ಕಳ ಹೆಸರು ಕೇಳಿದರು, ಹಾಡು ಹೇಳಿಸಿದರು. ಗಂಟೆ ಕಳೆಯಿತು. ಆಗ ನಾಲ್ಕು ವರ್ಷದ ಸೌಂದರ್ಯ ಸ್ಪಷ್ಟವಾಗಿ ಹೇಳಿಬಿಟ್ಟಳು: "ಟೀಚರು ಅಕ್ಕಿ ರೂಮಲ್ಲಿದಾರೆ."

ಆಮೇಲೆ ಕೋಲೂರುವ ಸದ್ದು ಬಾಗಿಲ ತನಕ ಬಂತು.

"ಯಶೋದಾ, ನೀನು ತೆಗೀಬೇಡ. ನಿಂತ್ಕೊಂಡೇ ಹೇಳ್ತೇನೆ. ಅವತ್ತು ನಾನು ಬಾಯಿ ಬಿಡಬೇಕಿತ್ತು. ಹೆದರಿದೆ. ನಿನ್ನದು ಕಳ್ಳತನ ಅಲ್ಲ ಮಗಾ. ನಾನು ಕರೆದದ್ದು, ನೀನು ಬಂದದ್ದು."

ಯಶೋದಾಳ ಕೈ ಚಿಲಕದ ಮೇಲಿತ್ತು. ಒಮ್ಮೆ ಎಳೆದರೆ ಸಾಕಿತ್ತು. 'ಈಗ ಬಂದ್ರಾ? ಇಷ್ಟು ವರ್ಷ ಆದ್ಮೇಲೆ?' ಎಂದು ಒಳಗಿನ ಸಿಟ್ಟು ಎದ್ದು ನಿಂತಿತು. ಸ್ವಲ್ಪ ಹೊತ್ತು ಅವರೂ ಕಾಯಲಿ ಅನ್ನಿಸಿತು. ಸಿಟ್ಟು ಇಳಿದು ಚಿಲಕ ಎಳೆಯುವಷ್ಟರಲ್ಲಿ ಆಟೋ ತಿರುವು ದಾಟಿತ್ತು.

ನಾಳೆ ಹೋಗೋಣ, ಮುಂದಿನ ಭಾನುವಾರ ಹೋಗೋಣ ಎಂದು ಎರಡು ತಿಂಗಳು ತಳ್ಳಿದಳು. ಎಳೆಯ ಸಿಸ್ಟರ್ ರುದ್ರಾಣಿಯ ಹತ್ತಿರ ವಿಳಾಸದ ಜೊತೆ ಬರೆದುಕೊಟ್ಟಿದ್ದ ಫೋನ್ ನಂಬರಿಗೂ ಮಾಡಲಿಲ್ಲ. ಏನಂತ ಶುರು ಮಾಡುವುದು? ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ, ಆಲ್ದೂರು ದಾಟಿ ಚಿಕ್ಕಮಗಳೂರಿಗೆ ಹೋಗಿ, ವಯಸ್ಸಾದ ಸಿಸ್ಟರುಗಳ ಮನೆ ಹುಡುಕಿದಳು. ಬಾಗಿಲು ತೆರೆದದ್ದು ಅದೇ ಎಳೆಯ ಸಿಸ್ಟರ್.

"ಅಯ್ಯೋ, ನೀವು! ಅವರು ಹೋಗಿ ಇವತ್ತಿಗೆ ಹದಿನೆಂಟು ದಿನ."

ಕಾಫಿ ಕೊಟ್ಟು, ಕೇಳದಿದ್ದರೂ ಎಳೆಯ ಸಿಸ್ಟರ್ ಎಲ್ಲ ಹೇಳಿದಳು. ಸಿಸ್ಟರ್ ಬೆನೆಡಿಕ್ಟಾ ಹಾಸಿಗೆ ಹಿಡಿದಾಗ ನಾಲ್ಕು ವರ್ಷ ನೋಡಿಕೊಂಡವರು ಸಿಸ್ಟರ್ ಕಾರ್ಮಿನ್‌ರೇ ಅಂತೆ. ಒಂದು ದಿನ ಧೈರ್ಯ ಮಾಡಿ, "ಆ ಹುಡುಗಿ ನೆನಪಿದೆಯಾ?" ಎಂದು ಕೇಳಿದ್ದರಂತೆ. "ಯಾವ ಹುಡುಗಿ?" ಎಂದರಂತೆ ಬೆನೆಡಿಕ್ಟಾ.

"ನನ್ನ ವಿಷ್ಯ ಏನಾದ್ರೂ ಹೇಳಿದ್ರಾ, ಅಂಗನವಾಡಿಯಿಂದ ಬಂದ್ಮೇಲೆ?"

"ಗೇಟು ಸದ್ದಾದಾಗೆಲ್ಲ, ಯಾರು ನೋಡು ಅಂತಿದ್ರು."

ಯಶೋದಾ ಲೋಟ ಕೆಳಗಿಟ್ಟಳು. ಎಳೆಯ ಸಿಸ್ಟರ್ ಕರೆದೊಯ್ದು ತೋರಿಸಿದ ಸಮಾಧಿಯ ಮಣ್ಣು ಇನ್ನೂ ಹಸಿಯಿತ್ತು. "ಬಾಗಿಲು ತೆಗೀಬೇಕಿತ್ತು ಸಿಸ್ಟರ್" ಎಂದಳು. ಉತ್ತರಕ್ಕೆ ಕಾದಳು. ಪ್ರಾರ್ಥನೆ ಮಾಡೋಣವೆಂದರೆ ಒಂದು ಮಾತೂ ಹೊರಡಲಿಲ್ಲ. ಎಳೆಯ ಸಿಸ್ಟರ್ ತಾನೇ ಕನ್ನಡದಲ್ಲಿ ಪ್ರಾರ್ಥಿಸಿದಳು. ಯಶೋದಾ ಕೈ ಕಟ್ಟಿ ಕೊನೆಯ ತನಕ ಕೇಳಿಸಿಕೊಂಡಳು.

ಮನೆಗೆ ಬಂದು ಊಟಕ್ಕೆ ಬಡಿಸುತ್ತ ಎಲ್ಲವನ್ನೂ ಉಮೇಶನಿಗೆ ಹೇಳಿದಳು. ಅವನು ತುತ್ತು ಕೆಳಗಿಟ್ಟ.

"ಇಷ್ಟು ವರ್ಷ ನನಗೊಂದು ಮಾತು ಹೇಳ್ಬಾರ್ದಿತ್ತಾ ಮಾರಾಯ್ತಿ?"

"ಹೇಳಿದ್ರೆ ನೀವು ಸಿಸ್ಟರ್ ಕಾರ್ಮಿನ್ ಕೆಟ್ಟವ್ರು ಅಂತಿದ್ರಿ" ಎಂದಳು ಯಶೋದಾ. "ಅದು ನನ್ನ ಕೈಲಿ ಕೇಳೋಕೆ ಆಗ್ತಿರಲಿಲ್ಲ ರೀ."